ಅಮ್ಮನಿಗೊಂದು ಆರು, ನನಗೊಂದು ಆರು

ನಮ್ಮ ಮನೆಯ ಲೂಡೋ ದಾಳ ಎರಡು ದಿನಕ್ಕೊಮ್ಮೆ ಮಂಚದ ಅಡಿಗೆ ಉರುಳಿ ಹೋಗುತ್ತಿತ್ತು. ಬಗ್ಗಿ ಹುಡುಕುವುದು ಅಮ್ಮನ ಮಂಡಿಗೆ ಆಗದ ಕೆಲಸ. ಹಾಗಾಗಿ ಒಂದು ಭಾನುವಾರ ಕುಳಿತು, ಗುಂಡಿ ಒತ್ತಿದರೆ ಗರ ಬೀಳುವ ಎಲೆಕ್ಟ್ರಾನಿಕ್ ದಾಳ ಮಾಡಿಕೊಟ್ಟೆ. ಒಂದು ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡು, ಒಂದು ಗುಂಡಿ, ಏಳು ಎಲ್‌ಇಡಿ ದೀಪ. ಬೆಸ ಸಂಖ್ಯೆಗಳಿಗೆ ನಡುವೆ ಒಂದು ಚುಕ್ಕೆ ಬೇಕಲ್ಲ, ಅದಕ್ಕೆ ಏಳು. ಬೆಸುಗೆ ಹಾಕಲು ಅರ್ಧ ದಿನ ಹಿಡಿಯಿತು, ಪ್ರೋಗ್ರಾಮಿಗೆ ಹತ್ತು ನಿಮಿಷ. ಆಮೇಲೆ ಬಂದ ತಾಪತ್ರಯವೆಲ್ಲ ಆ ಹತ್ತು ನಿಮಿಷದ್ದೇ.

ಊಹಿಸಲಾಗದ ಹಾಗೆ ಸಂಖ್ಯೆಗಳನ್ನು ಕೊಡಲು ಬೋರ್ಡಿನ ಜೊತೆ ಬರುವ ಸಿದ್ಧ ಫಂಕ್ಷನ್ ಇದ್ದರೂ ನಾನೇ ಬರೆಯಬೇಕೆಂಬ ಚಪಲ. ಕಾಲೇಜಿನಲ್ಲಿ ಕಲಿತ ಸೂತ್ರ ನೆನಪಿತ್ತು: ಹಿಂದಿನ ಸಂಖ್ಯೆಯನ್ನು 1103515245ರಿಂದ ಗುಣಿಸು, 12345 ಕೂಡಿಸು, 2ರ 31ನೆಯ ಘಾತದಿಂದ ಭಾಗಿಸಿ ಶೇಷ ಇಟ್ಟುಕೋ. ಅದೇ ಮುಂದಿನ ಸಂಖ್ಯೆ. ಅದನ್ನು ಮತ್ತೆ ಆರರಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದು ಸೇರಿಸಿದರೆ ಗರ. ಎರಡೇ ಸಾಲು. ಒಂದು ಸುತ್ತು ಮುಗಿದು ಮೊದಲ ಸಂಖ್ಯೆಗೆ ಮರಳಲು 214 ಕೋಟಿಗೂ ಹೆಚ್ಚು ಹೆಜ್ಜೆ ಬೇಕು. ಸೆಕೆಂಡಿಗೊಂದರಂತೆ ಗುಂಡಿ ಒತ್ತುತ್ತಾ ಕುಳಿತರೂ 68 ವರ್ಷ. ಸಾಕಲ್ಲವೇ ಎಂದುಕೊಂಡೆ.

ಮೊದಲ ತಪ್ಪು ಎರಡನೆಯ ಆಟಕ್ಕೇ ಬಯಲಾಯಿತು. ಆರಂಭದ ಸಂಖ್ಯೆ, ಅಂದರೆ ಸೀಡ್, ಸೊನ್ನೆ ಎಂದು ಬರೆದಿಟ್ಟಿದ್ದೆ. ಆದ್ದರಿಂದ ಸ್ವಿಚ್ ಹಾಕಿದಾಗಲೆಲ್ಲ ಅದೇ ಗರಗಳು: 4, 5, 6, 5, 6, 3, 6, 5, 4, 3. ಮೂರನೆಯದು ಆರು ಎಂದು ಗೊತ್ತಾದ ಮೇಲೆ ಆಟ ಯಾಕೆ? ಕಂಪ್ಯೂಟರಿನಲ್ಲಾದರೆ ಗಡಿಯಾರದ ವೇಳೆಯನ್ನೇ ಸೀಡ್ ಮಾಡುತ್ತಾರೆ. ಈ ಬೋರ್ಡಿಗೆ ದಿನಾಂಕವೂ ಗೊತ್ತಿಲ್ಲ, ಗಂಟೆಯೂ ಗೊತ್ತಿಲ್ಲ. ಸ್ವಿಚ್ ಹಾಕಿದ ಕ್ಷಣದಿಂದ ಮೊದಲ ಸಲ ಗುಂಡಿ ಒತ್ತುವವರೆಗೆ ಎಷ್ಟು ಮೈಕ್ರೊಸೆಕೆಂಡ್ ಕಳೆಯಿತು ಎಂದು ಎಣಿಸಿ ಅದನ್ನೇ ಸೀಡ್ ಮಾಡಿದೆ. ಮನುಷ್ಯನ ಬೆರಳು ಎರಡು ಸಲ ಒಂದೇ ಮೈಕ್ರೊಸೆಕೆಂಡಿಗೆ ಬೀಳುವುದಿಲ್ಲ. ಈಗ ಪ್ರತಿ ಆಟವೂ ಬೇರೆ ಬೇರೆಯಾಗಿ ಶುರುವಾಯಿತು, ನಾನು ಬೀಗಿದೆ.

ಒಂದು ವಾರದ ನಂತರ ಅಮ್ಮ ಕೇಳಿದರು: “ಏನಪ್ಪಾ, ನನಗೊಂದು ಆರು ಬಿದ್ದರೆ ಆಮೇಲೆ ನಿನಗೊಂದು ಬೀಳುತ್ತದೆ, ಮತ್ತೆ ನನಗೆ. ರೇಷನ್ ಅಂಗಡಿಯ ಹಾಗೆ ಸರದಿ ಹಚ್ಚಿದ್ದೀಯಾ?”

ನಾನು ನಕ್ಕು, ಎಲ್ಲ ಕಾಕತಾಳೀಯ ಎಂದೆ. “ಆರರ ಮೇಲೆ ಆರು ಒಂದು ಸಲವಾದರೂ ಬೀಳಬೇಡವೇ?” ಎಂದರು ಅವರು. ಆರು ಬಿದ್ದ ಇಪ್ಪತ್ತು ಸಲವೂ ಅದರ ಬೆನ್ನಿಗೆ ಆರು ಬೀಳದಿರುವ ಸಾಧ್ಯತೆ ಸುಮಾರು ಶೇ. 2.6. ಕಡಿಮೆ, ಆದರೆ ಆಗದ್ದೇನಲ್ಲ. ಆದರೂ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಅದೇ ಎರಡು ಸಾಲು ಹಾಕಿ 60,000 ಗರ ಉರುಳಿಸಿದೆ. ಪ್ರತಿ ಮುಖ 10,000 ಸಲ ಬರಬೇಕು. ಬಂದದ್ದಕ್ಕೂ ಬರಬೇಕಾದದ್ದಕ್ಕೂ ಇರುವ ವ್ಯತ್ಯಾಸದ ವರ್ಗವನ್ನು 10,000ದಿಂದ ಭಾಗಿಸಿ, ಆರೂ ಮುಖಗಳದ್ದನ್ನು ಕೂಡಿಸಿದೆ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ವರ್ಗ ಪರೀಕ್ಷೆ ಇದು. ನೆಟ್ಟಗಿರುವ ದಾಳದಲ್ಲಿ ಈ ಮೊತ್ತ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ 11.07ರೊಳಗೆ ಇರುತ್ತದೆ. ನನ್ನದೂ ಒಳಗೇ ಇತ್ತು. ಬೆಳಿಗ್ಗೆ ಅಮ್ಮನಿಗೆ ಲೆಕ್ಕ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, “ಎಷ್ಟು ಸಲ ಬಿತ್ತು ಎಂದು ಎಣಿಸಿದ್ದೀಯ, ಯಾವುದರ ಹಿಂದೆ ಯಾವುದು ಬಿತ್ತು ಎಂದು ಎಣಿಸಿದ್ದೀಯಾ?” ಎಂದರು.

ಎಣಿಸಿರಲಿಲ್ಲ. ಆರು ಅಡ್ಡ, ಆರು ಉದ್ದದ ಕೋಷ್ಟಕ ಮಾಡಿ, ಈ ಗರದ ಹಿಂದೆ ಆ ಗರ ಎಷ್ಟು ಸಲ ಬಂತು ಎಂದು ತುಂಬಿಸಿದೆ. 36 ಮನೆಗಳಲ್ಲಿ 18 ಪೂರ್ತಿ ಖಾಲಿ. ತುಂಬಿದ್ದು, ಖಾಲಿ, ತುಂಬಿದ್ದು, ಖಾಲಿ, ಥೇಟ್ ಚದುರಂಗದ ಮಣೆ. ಸಮದ ಹಿಂದೆ ಬೆಸ, ಬೆಸದ ಹಿಂದೆ ಸಮ. ಅರವತ್ತು ಸಾವಿರದಲ್ಲಿ ಒಮ್ಮೆಯೂ ತಪ್ಪಿಲ್ಲ. ಮೇಲೆ ಕೊಟ್ಟ ಹತ್ತು ಗರಗಳನ್ನೇ ನೋಡಿ, ಅಲ್ಲೂ ಹಾಗೆಯೇ ಇದೆ. ಕಣ್ಣೆದುರೇ ಇದ್ದದ್ದು ನನಗೆ ಕಂಡಿರಲಿಲ್ಲ.

ಕಾರಣ ಶಾಲೆಯ ಗಣಿತ. ಗುಣಕವೂ ಬೆಸ, ಕೂಡಿಸುವ 12345 ಕೂಡ ಬೆಸ. ಸಮವನ್ನು ಬೆಸದಿಂದ ಗುಣಿಸಿ ಬೆಸ ಸೇರಿಸಿದರೆ ಬೆಸ. ಬೆಸಕ್ಕೆ ಹಾಗೆ ಮಾಡಿದರೆ ಸಮ. ಆರು ಸಮಸಂಖ್ಯೆಯಾದ್ದರಿಂದ ಅದರಿಂದ ಭಾಗಿಸಿದ ಶೇಷದಲ್ಲೂ ಈ ಗುಣ ಹಾಗೆಯೇ ಉಳಿಯುತ್ತದೆ. ಇನ್ನು ಆಟಕ್ಕೆ ಬನ್ನಿ. ಇಬ್ಬರೇ ಆಡುವಾಗ ಒಬ್ಬರಿಗೆ ಬರೀ ಸಮ, ಇನ್ನೊಬ್ಬರಿಗೆ ಬರೀ ಬೆಸ. ಬೆಸದವರಿಗೆ ಆರು ಬೀಳುವ ಮಾತೇ ಇಲ್ಲ, ಕಾಯಿ ಮನೆಯಿಂದ ಇಳಿಯುವುದಿಲ್ಲ. ಸಮದವರಿಗೆ ಆರು ಬಿದ್ದು ಇನ್ನೊಂದು ಗರ ಸಿಕ್ಕಾಗ ಮಾತ್ರ ಪಾತ್ರ ಅದಲುಬದಲು. ಆಗ ಮುಂದಿನ ಆರು ಎದುರಾಳಿಗೇ. ಅಮ್ಮ ಹೇಳಿದ ಸರದಿ ಅಕ್ಷರಶಃ ಸತ್ಯವಾಗಿತ್ತು.

ಸಂಖ್ಯೆಯನ್ನು ಬರೀ ಸೊನ್ನೆ, ಒಂದುಗಳಲ್ಲಿ ಬರೆದಾಗಿನ ಒಂದೊಂದು ಅಂಕಿಯೇ ಬಿಟ್. ಈ ಬಗೆಯ ಸೂತ್ರದಲ್ಲಿ ಕೊನೆಯ ಬಿಟ್ ಎರಡು ಹೆಜ್ಜೆಗೊಮ್ಮೆ, ಅದರ ಪಕ್ಕದ್ದು ನಾಲ್ಕಕ್ಕೊಮ್ಮೆ, ಅದರಾಚೆಯದು ಎಂಟಕ್ಕೊಮ್ಮೆ ಮರುಕಳಿಸುತ್ತದೆ. ಸತ್ವವಿರುವುದು ಮೇಲಿನ ಬಿಟ್‌ಗಳಲ್ಲಿ. ಸಿ ಭಾಷೆಯ ಮಾನದಂಡದಲ್ಲಿ ಉದಾಹರಣೆಯಾಗಿ ಕೊಟ್ಟ ಪ್ರೋಗ್ರಾಮಿನಲ್ಲೂ ಇದೇ ಗುಣಕವಿದೆ, ಆದರೆ ಉತ್ತರ ಕೊಡುವ ಮುನ್ನ 65536ರಿಂದ ಭಾಗಿಸಿ ಕೆಳಗಿನ 16 ಬಿಟ್‌ಗಳನ್ನು ಎಸೆಯುತ್ತಾರೆ. ನಾನು ಗುಣಕವನ್ನು ನೆನಪಿಟ್ಟುಕೊಂಡು ಭಾಗಾಕಾರವನ್ನು ಮರೆತಿದ್ದೆ. ಅದನ್ನು ಸೇರಿಸಿದ ಕೂಡಲೇ ಸೊನ್ನೆ ಸೀಡಿನ ಗರಗಳು 1, 1, 5, 2, 1 ಎಂದು ಬಂದವು. ಎರಡನೆಯ ಗರಕ್ಕೇ ಜೋಡಿ!

ಸಮಾಧಾನಕ್ಕೆ ಒಂದು ಮಾತು: 1960ರ ದಶಕದಲ್ಲಿ ಐಬಿಎಂ ಯಂತ್ರಗಳಲ್ಲಿ ಬಳಕೆಯಲ್ಲಿದ್ದ ‘ರ‍್ಯಾಂಡು’ ಎಂಬ ಸೂತ್ರ ಇನ್ನೂ ಕೆಟ್ಟದು. ಅದರ ಗುಣಕ 65539, ಕೂಡಿಸುವುದು ಏನೂ ಇಲ್ಲ. ಬೆಸದಿಂದ ಶುರುವಾದರೆ ಕೊನೆವರೆಗೂ ಬೆಸವೇ. ನನ್ನ ವಿಧಾನದಲ್ಲಿ ಅದನ್ನು ದಾಳಕ್ಕೆ ಹಾಕಿದರೆ ಬೀಳುವುದು 2, 4, 6 ಮಾತ್ರ. ಶಕುನಿಗೂ ಇಷ್ಟು ಸುಲಭದ ದಾಳ ಸಿಕ್ಕಿರಲಿಕ್ಕಿಲ್ಲ.

ಕೈ ಹಾಕಿದ್ದಾಯಿತು, ಪೂರ್ತಿ ನೋಡಿಬಿಡೋಣ ಎಂದು ಇಂಥ ಸಂಖ್ಯೆ ಕೊಡುವ ಬೇರೆ ವಿಧಾನಗಳನ್ನೂ ಸಾಲಾಗಿ ನಿಲ್ಲಿಸಿದೆ. ಪೈಥಾನ್ ಭಾಷೆ ಬಳಸುವ ಮರ್ಸೆನ್ ಟ್ವಿಸ್ಟರ್, ಪೈಥಾನಿನ ಗಣಿತದ ಲೈಬ್ರರಿ ನಮ್‌ಪೈಯ ಪಿಸಿಜಿ, ಜಾರ್ಜ್ ಮಾರ್ಸಾಲಿಯಾ 2003ರಲ್ಲಿ ಪ್ರಕಟಿಸಿದ ಕ್ಸಾರ್‌ಶಿಫ್ಟ್, ಆಪರೇಟಿಂಗ್ ಸಿಸ್ಟಮ್ ಕೊಡುವ ಸುರಕ್ಷಿತ ಸಂಖ್ಯೆಗಳು. ಮುಖಗಳ ಎಣಿಕೆ, ಜೋಡಿಗಳ ಕೋಷ್ಟಕ, ಆರು ಬೀಳಲು ಎಷ್ಟು ಸಲ ಕಾಯಬೇಕು ಎಂಬ ಲೆಕ್ಕ, ಯಾವುದರಲ್ಲೂ ಇವನ್ನು ಒಂದರಿಂದ ಒಂದು ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಲೂಡೋಗೆ ಯಾವುದಾದರೂ ಸರಿ. ದುಡ್ಡಿಟ್ಟು ಆಡುವ ಆಟವಾದರೆ ಮಾತ್ರ ಕೊನೆಯದೇ ಬೇಕು: ಮರ್ಸೆನ್ ಟ್ವಿಸ್ಟರಿನ 32 ಬಿಟ್‌ಗಳ 624 ಉತ್ತರಗಳನ್ನು ಸತತವಾಗಿ ನೋಡಿದವನು 625ನೆಯದನ್ನು ಮೊದಲೇ ಹೇಳಬಲ್ಲ.

ನನ್ನ ಬೋರ್ಡಿಗೆ ಅದು ಹಿಡಿಸುವಂತೆಯೂ ಇರಲಿಲ್ಲ. ಮತ್ಸುಮೊಟೊ ಮತ್ತು ನಿಶಿಮುರಾ ರೂಪಿಸಿದ ಈ ಟ್ವಿಸ್ಟರಿನ ಆವರ್ತ, ಅಂದರೆ ಸುತ್ತು ಮುಗಿಯಲು ಬೇಕಾದ ಹೆಜ್ಜೆಗಳು, 2ರ 19937ನೆಯ ಘಾತಕ್ಕಿಂತ ಒಂದು ಕಡಿಮೆ, ಬರೆದರೆ 6,002 ಅಂಕಿಗಳ ಸಂಖ್ಯೆ. ಅದರ ಒಳಸ್ಥಿತಿಗೆ 2,496 ಬೈಟ್ ಬೇಕು. ಬೋರ್ಡಿನಲ್ಲಿರುವ ಸ್ಮೃತಿಯೇ 2,048 ಬೈಟ್. ನಾಲ್ಕೇ ಬೈಟ್ ಕೇಳುವ ಕ್ಸಾರ್‌ಶಿಫ್ಟ್ ಆರಿಸಿಕೊಂಡೆ. ಅದಕ್ಕೆ ಒಂದೇ ಪಥ್ಯ, ಸೀಡ್ ಸೊನ್ನೆಯಾಗಬಾರದು. ಹಳೆಯ ಅಭ್ಯಾಸಬಲದಿಂದ ಸೊನ್ನೆ ಕೊಟ್ಟು, ನಡುವಿನ ದೀಪವೊಂದೇ ಉರಿಯುವುದನ್ನು ನೋಡುತ್ತಾ ಐದು ನಿಮಿಷ ಬೆಸುಗೆಯನ್ನು ಅನುಮಾನಿಸಿದೆ.

ಇನ್ನು ಆರರಿಂದ ಭಾಗಿಸುವ ವಿಚಾರ. ಒಂದೇ ಬೈಟ್ ತೆಗೆದುಕೊಂಡರೆ 256 ಬೆಲೆಗಳು; ಆರು ಜನಕ್ಕೆ 42ರಂತೆ ಹಂಚಿದ ಮೇಲೆ ನಾಲ್ಕು ಉಳಿಯುತ್ತವೆ. ಆ ನಾಲ್ಕು 1ರಿಂದ 4ರ ಪಾಲಾಗುತ್ತವೆ, 5 ಮತ್ತು 6ಕ್ಕೆ ನಷ್ಟ. 32 ಬಿಟ್ ತೆಗೆದುಕೊಂಡರೆ ಈ ತಾರತಮ್ಯ ಲೆಕ್ಕಕ್ಕೇ ಸಿಗದಷ್ಟು ಚಿಕ್ಕದು. ಆದರೂ ಮೇಲಿನ ಮೂರು ಬಿಟ್ ತೆಗೆದು, ಸೊನ್ನೆಯಿಂದ ಏಳರೊಳಗೆ ಬಂದದ್ದರಲ್ಲಿ ಆರು, ಏಳು ಬಂದರೆ ಬಿಸಾಡಿ ಮತ್ತೆ ಕೇಳುವ ಹಾಗೆ ಬರೆದೆ. ಪೈಥಾನ್ ಕೂಡ ಒಳಗೆ ಹೀಗೇ ಮಾಡುತ್ತದೆ.

ನಿಜವಾದ ದಾಳವಾದರೂ ಎಷ್ಟು ನೆಟ್ಟಗಿರುತ್ತದೆ? ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವೆಲ್ಡನ್ ಹನ್ನೆರಡು ದಾಳಗಳನ್ನು 26,306 ಸಲ ಎಸೆದು ದಾಖಲಿಸಿದ ಎಣಿಕೆಯನ್ನೇ ಪಿಯರ್ಸನ್ ತನ್ನ ಪರೀಕ್ಷೆಗೆ ಬಳಸಿದ್ದು. 3,15,672 ಗರಗಳಲ್ಲಿ 5 ಅಥವಾ 6 ಬಿದ್ದದ್ದು 1,06,602 ಸಲ. ಮೂರರಲ್ಲೊಂದಾದರೆ 1,05,224 ಇರಬೇಕಿತ್ತು. ಚುಕ್ಕೆಗಳಿಗಾಗಿ ಕೊರೆದ ಗುಳಿಗಳಿಂದ ಆ ಮುಖಗಳು ಹಗುರವಾಗುತ್ತವೆ ಎನ್ನುವುದು ಇದಕ್ಕೆ ಕೊಡುವ ವಿವರಣೆ. ನಮ್ಮ ಮಂಚದಡಿಯ ದಾಳಕ್ಕಿಂತ ಈಗಿನ ಪೆಟ್ಟಿಗೆಯೇ ಪ್ರಾಮಾಣಿಕ ಎಂದು ಅಮ್ಮನಿಗೆ ಹೇಳಿದೆ. ಅವರು ಒಪ್ಪಿದರು, ಮೊನ್ನೆ ಅವರಿಗೆ ಸಾಲಾಗಿ ಎರಡು ಆರು ಬಿದ್ದಿದ್ದವು.

ಈಗ ಅವರ ಬೇಡಿಕೆ ಚೌಕಾಬಾರ. ನಾಲ್ಕು ಕವಡೆ, ಒಂದೊಂದಕ್ಕೆ ಒಂದು ಬಿಟ್. ತಮಾಷೆಗೆ ಹಳೆಯ ಸೂತ್ರದ ಕೊನೆಯ ಬಿಟ್ ಹಾಕಿ ನೋಡಿದೆ: ಮೇಲೆ, ಕೆಳಗೆ, ಮೇಲೆ, ಕೆಳಗೆ. ಗರ ಎರಡು, ಮತ್ತೆ ಎರಡು, ಮತ್ತೆ ಎರಡು. ಚೌಕವೂ ಇಲ್ಲ, ಬಾರವೂ ಇಲ್ಲ. ಇದನ್ನು ಮೊದಲೇ ಮಾಡಿದ್ದರೆ ಐದು ನಿಮಿಷದಲ್ಲಿ ತಪ್ಪು ಸಿಕ್ಕಿಬೀಳುತ್ತಿತ್ತು. ಹೊಸ ಸೂತ್ರದಲ್ಲಿ ಎಲ್ಲವೂ ಬೀಳುತ್ತವೆ, ಚೌಕ 16ರಲ್ಲಿ ಒಂದು ಸಲ, ಬಾರವೂ ಅಷ್ಟೇ. ಅಮ್ಮ ತಲೆಯಾಡಿಸಿದರು. ಕವಡೆ ನಾಣ್ಯವಲ್ಲವಂತೆ, ಅದರ ಬೆನ್ನು ಬೇರೆ, ಹೊಟ್ಟೆ ಬೇರೆ, ಎರಡೂ ಸಮಸಮ ಬೀಳುವುದಿಲ್ಲವಂತೆ. ಅಜ್ಜಿಯ ಕಾಲದ ಕವಡೆಗಳ ಡಬ್ಬಿ ತಂದು ಎದುರಿಗಿಟ್ಟು, ಎಸೆದು ಎಣಿಸು ಎಂದರು. ಊಟದ ನಂತರ ದಿನಕ್ಕೆ ಐವತ್ತು ಸಲ ಎಸೆಯುತ್ತಿದ್ದೇನೆ. ಯಾವುದರ ಹಿಂದೆ ಯಾವುದು ಬಿತ್ತು ಎಂಬುದನ್ನೂ ಬರೆದಿಡುತ್ತಿದ್ದೇನೆ.