ನೋವು ಹೇಳಲು ಅವರು, ಕಾರಣ ಹೇಳಲು ಇನ್ಯಾರೋ?

ಆಡಿಯೋ ಪತ್ರಿಕೋದ್ಯಮಕ್ಕೆ ನಾನಿನ್ನೂ ಹೊಸಬಳು. ಆದರೂ ಒಂದು ವಿಷಯ ಬೇಗನೇ ಕಣ್ಣಿಗೆ, ಅಂದರೆ ಕಿವಿಗೆ, ಬಿತ್ತು. ಮನೆಗೆಲಸದವರು, ವಲಸೆ ಕಾರ್ಮಿಕರು, ಅಂಗವಿಕಲರು ವರದಿಗಳಲ್ಲಿ ಮಾತಾಡುವುದೇ ಅಪರೂಪ. ಮಾತಾಡಿದರೂ ಕಷ್ಟ ಹೇಳಿಕೊಳ್ಳುವಷ್ಟಕ್ಕೇ ಮುಗಿಯುತ್ತದೆ. ಆ ಕಷ್ಟ ಯಾಕೆ ಬಂತು, ಏನು ಮಾಡಬಹುದು ಎಂಬ ಮಾತು ಬಂದ ಕೂಡಲೇ ಮೈಕ್ ತಜ್ಞರ ಕಡೆ ತಿರುಗುತ್ತದೆ. ಈ ಪಾಲುಪಟ್ಟಿ ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ 'ಆಗ ನಿಮಗೆ ಏನನ್ನಿಸಿತು?' ಎಂದು ನಾನು ಶುರು ಮಾಡುವುದಿಲ್ಲ. 'ಈ ಕೆಲಸಕ್ಕೆ ಹೊಸಬರು ಬಂದರೆ ಮೊದಲು ಏನು ಹೇಳಿಕೊಡ್ತೀರಿ? ಕೂಲಿ ಇಷ್ಟೇ ಅಂತ ಯಾರು, ಹೇಗೆ ನಿಗದಿ ಮಾಡ್ತಾರೆ? ಈ ನಿಯಮ ಮಾಡೋ ಮುಂಚೆ ನಿಮ್ಮನ್ನು ಕೇಳಿದ್ದರೆ ಏನು ಹೇಳ್ತಿದ್ರಿ?' ಎಂದು ಕೇಳುತ್ತೇನೆ. ತಾವು ಬಲ್ಲ ವಿಷಯ ಬಂದಾಗ ಜನರ ದನಿಯೇ ಬೇರೆಯಾಗುತ್ತದೆ. ನೋವಿನ ಮಾತು ಬರುವುದಿದ್ದರೆ ತಾನಾಗಿ ಬರುತ್ತದೆ, ಅದನ್ನು ಕೆದಕಬೇಕಿಲ್ಲ.

ಧ್ವನಿಯ ಗುಣಮಟ್ಟದಲ್ಲಿ ಮಾತ್ರ ನಾನು ಹಟಮಾರಿ. ಮನೋವಿಜ್ಞಾನಿಗಳಾದ ಎರಿನ್ ನ್ಯೂಮನ್ ಮತ್ತು ನಾರ್ಬರ್ಟ್ ಶ್ವಾರ್ಜ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಜ್ಞಾನಿಯೊಬ್ಬರ ಅದೇ ಮಾತುಗಳನ್ನು ಕಳಪೆ ಧ್ವನಿಯಲ್ಲಿ ಕೇಳಿದವರು, ಸ್ಪಷ್ಟ ಧ್ವನಿಯಲ್ಲಿ ಕೇಳಿದವರಿಗಿಂತ, ಆ ವಿಜ್ಞಾನಿಗೂ ಅವರ ಸಂಶೋಧನೆಗೂ ಕಡಿಮೆ ಬೆಲೆ ಕೊಟ್ಟಿದ್ದರು. ವಿಜ್ಞಾನಿಗಳಿಗೇ ಹೀಗಾದರೆ ಉಳಿದವರ ಗತಿ? ತಜ್ಞರು ಸ್ಟುಡಿಯೋದಿಂದ ಸ್ಫುಟವಾಗಿ, ಕಾರ್ಮಿಕರು ಕರಕರ ಎನ್ನುವ ಫೋನಿನಿಂದ ಮಾತಾಡಿದರೆ ಕೇಳುಗರು ಯಾರನ್ನು ನಂಬುತ್ತಾರೆ ಎಂಬುದು ಅಲ್ಲೇ ಅರ್ಧ ತೀರ್ಮಾನವಾಗಿರುತ್ತದೆ.

ಆದ್ದರಿಂದ ನಾನೇ ಅವರಿದ್ದಲ್ಲಿಗೆ ಹೋಗುತ್ತೇನೆ. ಫ್ಯಾನು, ಫ್ರಿಜ್ಜು ಬಂದ್. ಮೈಕ್ ಬಾಯಿಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇರಬೇಕು. ನೇರ ಹಿಡಿದರೆ ಪಕಾರ, ಭಕಾರಗಳು ಸಿಡಿಯುತ್ತವೆ. ರೆಕಾರ್ಡಿಂಗ್ 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್‌ನಲ್ಲಿ, ಅಂದರೆ ಧ್ವನಿಯನ್ನು ಕುಗ್ಗಿಸದೆ ಉಳಿಸುವ ಫೈಲ್‌ನಲ್ಲಿ. ಜೋರಾದ ಮಾತೂ ರೆಕಾರ್ಡರಿನ ಮೀಟರಿನಲ್ಲಿ (ಅದರ ಗರಿಷ್ಠ ಮಿತಿ ಸೊನ್ನೆ) ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲುವಂತೆ ಮಟ್ಟ ಇಟ್ಟರೆ ನಕ್ಕಾಗಲೂ ಧ್ವನಿ ಒಡೆಯುವುದಿಲ್ಲ. ಕೊನೆಗೆ ಎಲ್ಲರೂ ಸುಮ್ಮನಿದ್ದು ಆ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡರೆ ಎಡಿಟಿಂಗ್‌ನಲ್ಲಿ ಜೋಡಣೆಗಳು ಗೊತ್ತಾಗುವುದಿಲ್ಲ.

ಒಪ್ಪಿಗೆಯನ್ನು ಎರಡು ಸಲ ಕೇಳುತ್ತೇನೆ, ಶುರುವಿನಲ್ಲೊಮ್ಮೆ, ಮಾತು ಮುಗಿದ ಮೇಲೆ ಮತ್ತೊಮ್ಮೆ. ತಾವು ಏನೇನು ಹೇಳಿಬಿಟ್ಟೆವು ಎಂಬುದು ಅವರಿಗೆ ಗೊತ್ತಾಗುವುದೇ ಆಮೇಲೆ. ಗುರುತು ಮರೆಮಾಚಬೇಕಾದರೆ ದನಿಯ ಸ್ಥಾಯಿ ಏರಿಳಿಸಿ ಕೈತೊಳೆದುಕೊಳ್ಳುವುದು ಅಪಾಯ, ಅದನ್ನು ಹಿಂದಿರುಗಿಸಿ ಮೂಲ ದನಿ ಪತ್ತೆಹಚ್ಚಲು ಸಾಧ್ಯವಿದೆ. ಅದರ ಬದಲು ಅವರ ಮಾತನ್ನು ಇನ್ನೊಬ್ಬರಿಂದ ಓದಿಸುತ್ತೇನೆ, ಹಾಗೆ ಓದಿಸಿದ್ದೇವೆಂದು ಕೇಳುಗರಿಗೂ ಹೇಳುತ್ತೇನೆ. ಅನುವಾದದ ದನಿ ಮೇಲೆ ಕೂರಿಸುವಾಗ ಮೊದಲ ಕೆಲವು ಸೆಕೆಂಡು ಅವರದೇ ಮಾತು ಪೂರ್ತಿ ಕೇಳಿಸಬೇಕು. ತೊದಲುವವರ ತೊದಲನ್ನು ಅವರನ್ನು ಕೇಳದೆ ಕತ್ತರಿಸುವುದಿಲ್ಲ.

ನಿಜವಾದ ಜಗ್ಗಾಟ ಇರುವುದು ಎಡಿಟಿಂಗ್‌ನಲ್ಲಿ. ಸಂದರ್ಶನವನ್ನು ಬರಹಕ್ಕಿಳಿಸಿ, ಅನುಭವದ ಸಾಲುಗಳಿಗೆ ಒಂದು ಬಣ್ಣ, ವಿವರಣೆಯ ಸಾಲುಗಳಿಗೆ ಇನ್ನೊಂದು ಬಣ್ಣ ಬಳಿಯುತ್ತೇನೆ. ಸ್ಕ್ರಿಪ್ಟ್ ಸಿದ್ಧವಾದಾಗ ವಿವರಣೆಯ ಬಣ್ಣ ತಜ್ಞರ ಪಾಲಿಗೆ ಮಾತ್ರ ಉಳಿದಿದ್ದರೆ ಮತ್ತೆ ಮೂಲ ರೆಕಾರ್ಡಿಂಗ್‌ಗೆ ಮರಳುತ್ತೇನೆ. ಅವಧಿ ಮೀರಿತು, ಕತ್ತರಿಸು ಎಂದು ಸಂಪಾದಕರು ಹೇಳಿದಾಗ ಮೊದಲು ತೆಗೆಯುವುದು ನನ್ನ ನಿರೂಪಣೆಯನ್ನು, ಆಮೇಲೆ ತಜ್ಞರ ಮಾತನ್ನು. ಇದಕ್ಕೆ ಸಂಪಾದಕರು ಪ್ರತಿ ಸಲವೂ ಒಪ್ಪುತ್ತಾರೆಂದೇನಿಲ್ಲ.