ಮೊದಲು ನೀವೇ ಬಗ್ಗಿ ನಡೆದು ನೋಡಿ

ವಧಾಲಯದಲ್ಲಿ ಲಾರಿಯಿಂದ ಇಳಿಯುವ ಪ್ರಾಣಿಗಳನ್ನು ತಪಾಸಣೆ ಮಾಡುವುದು ಹನ್ನೊಂದು ವರ್ಷ ನನ್ನ ಕೆಲಸವಾಗಿತ್ತು. ಹಿಂಬಾಗಿಲು ತೆರೆದಾಗ ಕಾಣುತ್ತಿದ್ದ ಮುರಿದ ಕೊಂಬು, ತರಚಿದ ಮಂಡಿಗಳಲ್ಲಿ ಹೆಚ್ಚಿನವು ದಾರಿಯ ತಪ್ಪಲ್ಲ, ಹತ್ತಿಸುವಾಗಲೇ ಆದ ತಪ್ಪು.

ಆದ್ದರಿಂದ ಆಯ್ಕೆಯಿಂದಲೇ ಶುರುಮಾಡಿ. ನಾಲ್ಕೂ ಕಾಲಿನ ಮೇಲೆ ಭಾರ ಹಾಕಿ ನಿಲ್ಲಲಾಗದ್ದು, ತುಂಬು ಗಬ್ಬದ್ದು, ಈಗಷ್ಟೇ ಈದದ್ದು, ಹೊಕ್ಕುಳು ಒಣಗದ ಕರು, ಇವು ಯಾವುವೂ ಲಾರಿ ಹತ್ತಬಾರದು. ‘ಹೇಗೋ ತಲುಪುತ್ತೆ ಬಿಡಿ ಸಾರ್’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ತಲುಪುತ್ತದೆ, ಆದರೆ ಎಳೆದು ಇಳಿಸಬೇಕಾಗುತ್ತದೆ.

ಹತ್ತಿಸುವ ಇಳಿಜಾರು 20 ಡಿಗ್ರಿಗಿಂತ ಕಡಿದಾಗಿರದಿರಲಿ. ಗೊರಸು ಜಾರದಂತೆ ಅಡ್ಡಪಟ್ಟಿ ಬಡಿಯಿರಿ. ಹೊಡೆಯುವುದು, ಬಾಲ ತಿರುಚುವುದು ಬೇಡ. ದನದ ಹೆಗಲನ್ನು ಗಮನಿಸಿ: ನೀವು ಹೆಗಲಿಗಿಂತ ಹಿಂದೆ ಪಕ್ಕದಲ್ಲಿ ನಿಂತರೆ ಅದು ಮುಂದೆ ಹೆಜ್ಜೆಯಿಡುತ್ತದೆ, ಹೆಗಲಿನ ಮುಂದೆ ನಿಂತರೆ ಹಿಂದೆ ಸರಿಯುತ್ತದೆ. ಬಾಲದ ನೇರ ಹಿಂದೆ ನಿಂತರೆ ಅದಕ್ಕೆ ನೀವು ಕಾಣುವುದೇ ಇಲ್ಲ.

ಒಮ್ಮೆ ಎತ್ತುಗಳು ಓಣಿಯ ಒಂದೇ ಜಾಗದಲ್ಲಿ ಅರ್ಧ ಗಂಟೆ ಮೊಂಡು ಹಿಡಿದವು. ಎಲ್ಲರೂ ಕೂಗಾಡಿದೆವು, ನಾನೂ ಕೂಗಿದೆ. ಕೊನೆಗೆ ಬೇಸತ್ತು ಅವುಗಳ ಕಣ್ಣಿನ ಎತ್ತರಕ್ಕೆ ಬಗ್ಗಿ ಅದೇ ಓಣಿಯಲ್ಲಿ ನಡೆದೆ. ನೆಲದಲ್ಲಿ ನಿಂತಿದ್ದ ನೀರಿನಲ್ಲಿ ಬಲ್ಬು ಫಳಫಳ ಹೊಳೆಯುತ್ತಿತ್ತು! ನೀರು ಗುಡಿಸಿದ್ದೇ ತಡ, ಸಾಲಾಗಿ ನಡೆದವು. ಟೆಂಪಲ್ ಗ್ರ್ಯಾಂಡಿನ್ ಎಂಬ ವಿಜ್ಞಾನಿ ದಶಕಗಳಿಂದ ಹೇಳುತ್ತಿರುವುದೂ ಇದನ್ನೇ. ನೇತಾಡುವ ಸರಪಳಿ, ಗೇಟಿಗೆ ಹಾಕಿದ ಅಂಗಿ, ದಿಢೀರ್ ಕತ್ತಲು, ಬುಸ್ಸೆನ್ನುವ ಗಾಳಿಯ ಪೈಪು ಕೂಡ ಹೀಗೆಯೇ ತಡೆಯುತ್ತವೆ.

ಲಾರಿಯೊಳಗೆ ಕಿಕ್ಕಿರಿದರೆ ಬಿದ್ದದ್ದು ಮತ್ತೆ ಏಳಲಾರದು. ತೀರಾ ಖಾಲಿಯಿದ್ದರೂ ಬ್ರೇಕು ಹಾಕಿದಾಗ ಉರುಳುತ್ತವೆ, ಅದಕ್ಕೆ ನಡುವೆ ಅಡ್ಡಗಟ್ಟು ಹಾಕಿ. ಕೊಂಬಿದ್ದವನ್ನು ಬೇರೆ ನಿಲ್ಲಿಸಿ, ಪರಿಚಯವಿಲ್ಲದ ಹಂದಿಗಳನ್ನು ಒಟ್ಟಿಗೆ ತುಂಬಬೇಡಿ. ಹಂದಿ ಹೆಚ್ಚುಕಡಿಮೆ ಬೆವರುವುದೇ ಇಲ್ಲ. ಬಿಸಿಲಲ್ಲಿ ನಿಂತ ಲಾರಿ ಅದಕ್ಕೆ ಒಲೆ. ತಂಪು ಹೊತ್ತಿನಲ್ಲಿ ಹೊರಡಿ, ಚಹಾಕ್ಕೆ ನಿಲ್ಲಿಸಿದರೂ ನೆರಳಲ್ಲೇ ನಿಲ್ಲಿಸಿ. ಹೊರಟ ಸ್ವಲ್ಪ ಹೊತ್ತಿಗೇ ಒಮ್ಮೆ ಇಳಿದು ಇಣುಕಿ ನೋಡಿ. ಕೋಳಿಯನ್ನು ರೆಕ್ಕೆ ಹಿಡಿದು ಎತ್ತಬೇಡಿ.

ಮರುಕದ ಮಾತು ಕಿವಿಗೆ ಬೀಳದ ಮಾಲೀಕರಿಗೆ ನಾನು ಮಾಂಸದ ಮಾತು ಹೇಳುತ್ತಿದ್ದೆ. ದಣಿದು ಹೆದರಿದ ದನದ ಸ್ನಾಯುವಿನಲ್ಲಿ ಶಕ್ತಿಗಾಗಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಮೊದಲೇ ಖರ್ಚಾಗಿರುತ್ತದೆ. ಕೊಂದ ಮೇಲೆ ಆಮ್ಲವಾಗುವುದು ಅದೇ. ಅದಿಲ್ಲದೆ ಮಾಂಸದಲ್ಲಿ ಬೇಕಾದಷ್ಟು ಆಮ್ಲ ಹುಟ್ಟುವುದಿಲ್ಲ, ಕಪ್ಪಾಗಿ ಅಂಟಂಟಾಗುತ್ತದೆ, ಬೇಗ ಕೆಡುತ್ತದೆ. ಇದನ್ನು ಕೇಳಿದ ಮೇಲೆ ಕೊಟ್ಟಿಗೆಯಲ್ಲಿ ನೀರಿನ ತೊಟ್ಟಿ ತುಂಬುತ್ತಿತ್ತು.

ಇನ್ನು ಕೊನೆಯ ನಿಮಿಷಗಳು. ಬೋಲ್ಟ್ ಪಿಸ್ತೂಲಿನಿಂದ (ಗುಂಡಿನ ಬದಲು ಉಕ್ಕಿನ ಸರಳು ಹಣೆಗೆ ಬಡಿಯುವ ಸಾಧನ) ಪ್ರಜ್ಞೆ ತಪ್ಪಿಸುವುದಾದರೆ, ಒಂದೊಂದು ಕಣ್ಣಿನಿಂದ ಎದುರು ಬದಿಯ ಕೊಂಬಿನ ಬುಡಕ್ಕೆ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಎರಡೂ ಸಂಧಿಸುವ ಜಾಗವೇ ದನದ ಹಣೆಯ ಗುರಿ. ಆಮೇಲೆ 60 ಸೆಕೆಂಡಿನೊಳಗೆ ರಕ್ತ ಹರಿಸಬೇಕು. ತಲೆಗೆ ಮಾತ್ರ ವಿದ್ಯುತ್ ಕೊಟ್ಟ ಕುರಿಗಾದರೆ 15 ಸೆಕೆಂಡು, ಅಷ್ಟೇ. ಪ್ರಜ್ಞೆ ತಪ್ಪಿಸದೆ ಕೊಯ್ಯುವ ಕಡೆ ಕತ್ತಿ ಉದ್ದವಾಗಿ, ಹರಿತವಾಗಿರಲಿ, ಕತ್ತಿನ ಎರಡೂ ಬದಿಯ ದೊಡ್ಡ ರಕ್ತನಾಳಗಳು ಕತ್ತರಿಸಿಹೋಗಲಿ. ಕುರಿ ಬೇಗ ಪ್ರಜ್ಞೆ ಕಳೆದುಕೊಳ್ಳುತ್ತದೆ. ದನದ ಮಿದುಳಿಗೆ ಕತ್ತಿನ ಹಿಂಬದಿಯ ನಾಳಗಳಿಂದಲೂ ರಕ್ತ ಹೋಗುವುದರಿಂದ ಕೆಲವಕ್ಕೆ ಒಂದು ನಿಮಿಷ ಮೀರುವುದುಂಟು. ಅಲ್ಲಿಯವರೆಗೆ ಅದನ್ನು ಎತ್ತಿ ತೂಗುಹಾಕುವುದು, ಚರ್ಮಕ್ಕೆ ಕೈ ಹಚ್ಚುವುದು ಕೂಡದು.

ಕಾಲು ಒದೆಯುವುದನ್ನು ನೋಡಿ ತೀರ್ಮಾನಿಸಬೇಡಿ, ಪ್ರಜ್ಞೆಯಿಲ್ಲದಿದ್ದರೂ ಒದೆಯುತ್ತದೆ. ಉಸಿರಾಟ ಲಯವಾಗಿ ನಡೆಯುತ್ತಿದೆಯೇ, ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಬಡಿಯುತ್ತದೆಯೇ, ತಲೆ ಎತ್ತಲು ನೋಡುತ್ತದೆಯೇ? ಪಿಸ್ತೂಲಿನ ನಂತರ ಇವುಗಳಲ್ಲಿ ಒಂದು ಕಂಡರೂ ಕತ್ತಿ ಬೇಡ, ತಕ್ಷಣ ಪಿಸ್ತೂಲಿನಿಂದ ಇನ್ನೊಂದು ಏಟು. ಅದಕ್ಕಾಗಿ ಎರಡನೇ ಪಿಸ್ತೂಲು ತುಂಬಿ ಕೈಗೆಟಕುವಂತಿರಲಿ. ನಾನಿದ್ದಲ್ಲಿ ಅದು ಬಹುಕಾಲ ಬೀಗ ಹಾಕಿದ ಬೀರುವಿನಲ್ಲಿತ್ತು, ಬೀಗದ ಕೈ ಸೂಪರ್‌ವೈಸರ್ ಜೇಬಿನಲ್ಲಿ.