ಮರೆತುಹೋದ ಚೆಸ್ ಆಟಗಾರನನ್ನು ಹುಡುಕುವುದು ಹೇಗೆ? ಎದುರಾಳಿಯ ಮನೆಯಿಂದ ಶುರು ಮಾಡಿ

ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವನು ನಾನು. ವಿಳಾಸ ಸರಿಯಿದ್ದರೆ ಯಾರು ಬೇಕಾದರೂ ಮುಟ್ಟಿಸುತ್ತಾರೆ. ತಪ್ಪಿದ್ದಾಗಲೇ ನಮ್ಮ ಕೆಲಸ ಶುರು. ಅರ್ಧ ಹೆಸರು, ಅಳಿಸಿದ ಊರು, "ಅಕ್ಕಿ ಗಿರಣಿ ಹಿಂದೆ" ಅನ್ನುವಷ್ಟೇ ಗುರುತು, ಅಂಥದ್ದನ್ನೂ ಮುಟ್ಟಿಸಿದ್ದೇವೆ. ನಿವೃತ್ತಿಯಾದ ಮೇಲೆ ಆ ಚಾಳಿ ಹತ್ತೊಂಬತ್ತನೇ ಶತಮಾನದ ಚೆಸ್ ಆಟಗಾರರ ಕಡೆ ತಿರುಗಿತು. ಈಗ ಕೆಲವರು ಬಂದು "ನಾವೂ ಹುಡುಕಬೇಕು, ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಾರೆ. ಅವರಿಗಾಗಿ ಇದು.

ಮೊದಲು ಒಬ್ಬರನ್ನು ಆರಿಸಿಕೊಳ್ಳಿ. ಒಬ್ಬರೇ ಸಾಕು. ಮಾರ್ಫಿ, ಸ್ಟೈನಿಟ್ಸ್ ಬೇಡ, ಅವರ ಬಗ್ಗೆ ಕಪಾಟು ತುಂಬ ಪುಸ್ತಕಗಳಿವೆ. ಯಾವುದೋ ಆಟದ ತಲೆಬರಹದಲ್ಲಿ ಒಂದು ಸಲ ಕಂಡು, "ಯಾರಪ್ಪಾ ಇವನು?" ಅನ್ನಿಸಿದ ಹೆಸರು ಹಿಡಿಯಿರಿ. ನಾನು ಹಿಡಿದದ್ದು ಮಹೇಶಚಂದ್ರ ಬ್ಯಾನರ್ಜಿ. ಕಲ್ಕತ್ತಾದಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಬ್ಯಾರಿಸ್ಟರ್ ಜೊತೆ ಆಡುತ್ತಿದ್ದ ಬಂಗಾಳಿ.

ಹೆಸರು ಸಿಕ್ಕಿತು ಅಂತ ಇಂಟರ್ನೆಟ್‌ನಲ್ಲಿ ನೇರ ಹುಡುಕಲು ಕೂತರೆ ಜಾಸ್ತಿ ಏನೂ ಸಿಗುವುದಿಲ್ಲ. ಅಂದಿನ ಇಂಗ್ಲಿಷ್ ಪತ್ರಿಕೆಯವರು ಕಿವಿಗೆ ಬಿದ್ದಂತೆ ಬರೆದರು. ಮೊಹೆಶ್‌ಚುಂದರ್ ಅಂತ ಒಮ್ಮೆ, ಮೊಹಿಶುಂದರ್ ಅಂತ ಇನ್ನೊಮ್ಮೆ. ಬ್ಯಾನರ್ಜಿಯಲ್ಲಿ ಎಷ್ಟು "ಎನ್" ಅನ್ನುವುದು ಆವತ್ತು ಅಚ್ಚು ಜೋಡಿಸಿದವನ ಮರ್ಜಿ. ಆದ್ದರಿಂದ ಹಾಳೆಯ ಮೇಲೆ ಸಾಧ್ಯವಿರುವ ಸ್ಪೆಲಿಂಗ್ ಎಲ್ಲಾ ಬರೆದುಕೊಂಡು ಒಂದೊಂದಾಗಿ ಹಾಕಿ ನೋಡಿ. ಹೆಸರು ಸಾಲಿನ ಕೊನೆಯಲ್ಲಿ ಒಡೆದು ಅಚ್ಚಾಗಿರಬಹುದು. ಹಾಗಾಗಿ ಹೆಸರಿನ ಅರ್ಧವನ್ನೂ ಬೇರೆಯಾಗಿ ಹುಡುಕಿ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದುವಾಗ "ಸಿ" ಅಕ್ಷರ "ಇ" ಆಗುವುದು ಮಾಮೂಲು. ಅದನ್ನೂ ಪಟ್ಟಿಗೆ ಸೇರಿಸಿ.

ಇಷ್ಟಾದರೂ ಸಿಗದಿದ್ದರೆ ಎದುರಾಳಿಯನ್ನು ಹುಡುಕಿ. ಚೆಸ್ ಒಬ್ಬರೇ ಆಡುವ ಆಟವಲ್ಲ, ಅಲ್ವಾ? ಮರೆತುಹೋದವನ ಎದುರು ಕೂತಿದ್ದವನು ಎಷ್ಟೋ ಸಲ ಹೆಸರಾಂತ ಮನುಷ್ಯನಾಗಿರುತ್ತಾನೆ. ಕಾಕ್ರೇನ್ ಹುಟ್ಟಿದ್ದು 1798ರಲ್ಲಿ, ತೀರಿಕೊಂಡದ್ದು 1878ರಲ್ಲಿ. 1822ರಲ್ಲೇ ಚೆಸ್ ಬಗ್ಗೆ ಪುಸ್ತಕ ಬರೆದಿದ್ದ. 1840ರ ದಶಕದ ಶುರುವಿನಲ್ಲಿ ಲಂಡನ್ನಿಗೆ ರಜೆ ಮೇಲೆ ಹೋದಾಗ ಅಂದಿನ ಹೆಸರಾಂತ ಇಂಗ್ಲಿಷ್ ಆಟಗಾರ ಹೋವರ್ಡ್ ಸ್ಟಾಂಟನ್ ಜೊತೆ ರಾಶಿ ಆಟ ಆಡಿದ. ಅದೇ ಸ್ಟಾಂಟನ್ 1841ರಲ್ಲಿ 'ಚೆಸ್ ಪ್ಲೇಯರ್ಸ್ ಕ್ರಾನಿಕಲ್' ಪತ್ರಿಕೆ ಶುರು ಮಾಡಿದ್ದ. ಕಲ್ಕತ್ತಾಗೆ ಮರಳಿದ ಕಾಕ್ರೇನ್‌ನ ಆಟಗಳು ಆ ಪತ್ರಿಕೆ ತಲುಪಿದ್ದು ಆ ಪರಿಚಯದಿಂದಲೇ ಅಂತ ನನ್ನ ಊಹೆ. ಮಹೇಶಚಂದ್ರ ನಮಗೆ ಸಿಗುವುದೂ ಅದೇ ಬಾಗಿಲಿನಿಂದ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೂ ಅದೇ ಕಾಲದವರು. ಕುದುರೆ ನಡೆಯಲ್ಲಿ 64 ಮನೆ ತುಂಬುವ ಲೆಕ್ಕದಲ್ಲಿ ಅವರು ಪಳಗಿದವರು. ಅರಸರಾಗಿದ್ದರಿಂದ ಅವರ ಹೆಸರು, ಕೆಲಸ ಎರಡೂ ಮೈಸೂರಿನಲ್ಲಿ ಉಳಿದವು. ಬಂಗಾಳದ ಹಳ್ಳಿಯವನಿಗೆ ಆ ಅನುಕೂಲ ಇರಲಿಲ್ಲ.

'ಚೆಸ್ ಪ್ಲೇಯರ್ಸ್ ಕ್ರಾನಿಕಲ್'ನ ಹಳೇ ಸಂಪುಟಗಳು ಗೂಗಲ್ ಬುಕ್ಸ್‌ನಲ್ಲೂ ಇಂಟರ್ನೆಟ್ ಆರ್ಕೈವ್‌ನಲ್ಲೂ ಪುಕ್ಕಟೆ ಸಿಗುತ್ತವೆ. ಆಟದ ಪುಟ ನೋಡಿ ಮುಚ್ಚಬೇಡಿ. ಸಂಪಾದಕರಿಗೆ ಬಂದ ಪತ್ರಗಳು, ಓದುಗರಿಗೆ ಕೊಟ್ಟ ಉತ್ತರಗಳು, ಸಣ್ಣಕ್ಷರದ ಟಿಪ್ಪಣಿಗಳು, ಬದುಕು ಸಿಗುವುದು ಅಲ್ಲೇ. 1850ರಲ್ಲಿ ಕಲ್ಕತ್ತಾ ಕ್ಲಬ್ಬಿನ ಸದಸ್ಯನೊಬ್ಬನ ಪತ್ರ ಅಚ್ಚಾಗಿದೆ. ಒಳನಾಡಿನಲ್ಲಿ ಯಾರಿಗೂ ಸೋಲದ ಬ್ರಾಹ್ಮಣನೊಬ್ಬನಿದ್ದಾನೆ ಅಂತ ಕೇಳಿ ಅವನನ್ನು ಹುಡುಕಿ ಹೋದ ಕಥೆ ಅದರಲ್ಲಿದೆ. ಇಲ್ಲಿ ಕಾಕ್ರೇನ್‌ಗೆ ಸಾಟಿಯಾಗಬಲ್ಲವನು ಅವನೊಬ್ಬನೇ, ಅಂದರೆ ಮಹೇಶಚಂದ್ರನೊಬ್ಬನೇ ಎಂಬ ಅರ್ಥದ ಮಾತೂ ಇದೆ. ಆ ಪುಟ ಕಣ್ಣಿಗೆ ಬಿದ್ದಾಗ ರಾತ್ರಿ ಹನ್ನೊಂದೂವರೆ. ನನ್ನವಳನ್ನು ಎಬ್ಬಿಸಿ ಓದಿ ಹೇಳಿದೆ. ಬೈಸಿಕೊಂಡೆ.

ಇನ್ನು ಆಟವನ್ನು ನಿಜವಾದ ಹಲಗೆಯ ಮೇಲೆ ಆಡಿ ನೋಡಿ. ನಡೆಗಳ ಹಳೇ ಬರವಣಿಗೆ ಮೊದಮೊದಲು ತಲೆ ಕೆಡಿಸುತ್ತದೆ. ಅದರಲ್ಲಿ ಪ್ರತಿ ಆಟಗಾರನೂ ತನ್ನ ಕಡೆಯಿಂದ ಸಾಲು ಎಣಿಸುತ್ತಾನೆ. "ರಾಜನ ನಾಲ್ಕನೇ ಮನೆ" ಅಂದರೆ ಇವತ್ತಿನ ಲೆಕ್ಕದಲ್ಲಿ (ಅಕ್ಷರ ಕಂಬಸಾಲಿಗೆ, ಅಂಕಿ ಅಡ್ಡಸಾಲಿಗೆ) ಬಿಳಿಯವನಿಗೆ ಇ4, ಕಪ್ಪಿನವನಿಗೆ ಇ5. ಇದು ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಇನ್ನೊಂದು ಗುಂಡಿ ಇದೆ: ಆಗ ಬಿಳಿಯೇ ಮೊದಲು ನಡೆಸಬೇಕು ಎಂಬ ಕಟ್ಟುನಿಟ್ಟು ಇರಲಿಲ್ಲ. ಕಪ್ಪು ಕಾಯಿಯವನು ಶುರು ಮಾಡಿದ ಆಟಗಳೂ ಇವೆ. ಕಾಯಿಯ ಬಣ್ಣ ನಂಬಬೇಡಿ, ಮೊದಲ ನಡೆ ಯಾರದ್ದು ನೋಡಿ.

ಆಡಿ ನೋಡಿದರೆ ಏನು ಸಿಗುತ್ತದೆ? 1848ರ ಒಂದು ಆಟದಲ್ಲಿ ಕಾಕ್ರೇನ್ ನಾಲ್ಕನೇ ನಡೆಯಲ್ಲೇ ಕುದುರೆಯನ್ನು ಎಫ್7ಗೆ ನುಗ್ಗಿಸಿ ಬಲಿ ಕೊಟ್ಟ. ಶುರುವಿನಲ್ಲೇ ಕಾಯಿ ಬಲಿ ಕೊಟ್ಟು ಆಡುವುದಕ್ಕೆ ಗ್ಯಾಂಬಿಟ್ ಅನ್ನುತ್ತಾರೆ, ಆ ಬಲಿಗೆ ಇವತ್ತಿಗೂ ಕಾಕ್ರೇನ್ ಗ್ಯಾಂಬಿಟ್ ಅಂತಲೇ ಹೆಸರು. ಎದುರು ಕೂತಿದ್ದವನು ನಮ್ಮ ಮಹೇಶಚಂದ್ರ! 1855ರಲ್ಲಿ ಅದೇ ಇಬ್ಬರು ಆಡಿದ ಆಟ ಇನ್ನೂ ರುಚಿ. ಮಹೇಶಚಂದ್ರ ಕುದುರೆ ತಂದು, ಒಂಟೆಗೆ ಮೂಲೆಯಲ್ಲಿ ಜಾಗ ಬಿಡಿಸಿ, ಮೂರನೇ ನಡೆಗೆ ಮಧ್ಯದ ಕಾಲಾಳನ್ನು ಎರಡು ಮನೆ ತಳ್ಳಿದ. ಇದೇ ನಡೆಗಳನ್ನು ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಆಡಿ ಹೆಸರು ಮಾಡಿದ್ದು 1922ರಲ್ಲಿ. ಅರವತ್ತೇಳು ವರ್ಷ ಆಮೇಲೆ. ನಮ್ಮ ಹಳೇ ಪದ್ಧತಿಯಲ್ಲಿ ಕಾಲಾಳು ಒಂದೇ ಮನೆ ನಡೆಯುತ್ತಿತ್ತು. ಒಂಟೆಯನ್ನು ಮೂಲೆಯಲ್ಲಿಟ್ಟು ನಿಧಾನಕ್ಕೆ ಆಡುವ ರೂಢಿ ಅಲ್ಲಿಂದ ಬಂದಿರಬೇಕು. ಆ ಆಟ ಮಹೇಶಚಂದ್ರ ಸೋತ, ಅದೂ ಚೆಂದವಾಗಿ: ಕುದುರೆಯಿಂದ ಎರಡು ಕಡೆಯ ಚೆಕ್, ರಾಣಿ ಬಲಿ, ತನ್ನದೇ ಕಾಯಿಗಳ ನಡುವೆ ಸಿಕ್ಕಿಬಿದ್ದ ರಾಜನಿಗೆ ಮತ್ತೆ ಕುದುರೆಯಿಂದ ಮೇಟ್. ಆಟ ಶುರು ಮಾಡುವ ಆ ಹೊಸ ಕ್ರಮಕ್ಕೆ, ಅಂದರೆ ಓಪನಿಂಗ್‌ಗೆ, ಹೆಸರು ಮಾತ್ರ ಗ್ರುನ್‌ಫೆಲ್ಡ್‌ನದು.

ಒಂದೇ ಮನೆತನದ ಹೆಸರಿನ ಇಬ್ಬರನ್ನು ಬೆರೆಸಬೇಡಿ. ಇದು ನಾನೇ ಎಡವಿದ ಜಾಗ. 1829ರಲ್ಲಿ ಮದ್ರಾಸಿನಲ್ಲಿ ಮುಜಿಯೊ ಗ್ಯಾಂಬಿಟ್ ಬಗ್ಗೆ ಪುಸ್ತಕ ಬಂತು, ಬರೆದವರು ಗುಲಾಮ್ ಕಾಸಿಂ ಮತ್ತು ಕಾಕ್ರೇನ್. ನಾನು ನಮ್ಮೂರ ಕ್ಲಬ್ಬಿನಲ್ಲಿ ಭಾಷಣ ಬಿಗಿದೆ: "ನೋಡಿ, ಕಲ್ಕತ್ತಾಕ್ಕಿಂತ ಮೊದಲು ಕಾಕ್ರೇನ್ ಮದ್ರಾಸಿನಲ್ಲಿದ್ದ!" ಹಿಂದಿನ ಬೆಂಚಿನ ಹುಡುಗನೊಬ್ಬ ಮೊಬೈಲ್ ನೋಡಿಕೊಂಡು ಹೇಳಿದ, "ಅಂಕಲ್, ಅವರು ಜೇಮ್ಸ್, ಇವರು ಜಾನ್." ಎದುರಿಗಿದ್ದ ಕಾಫಿ ಆರಿಹೋಯಿತು. ಅಂದಿನಿಂದ ಹೆಸರಿನ ಪಕ್ಕ ಊರು, ಕಸುಬು, ವರ್ಷ ಮೂರನ್ನೂ ಬರೆಯುತ್ತೇನೆ. ಮೂರರಲ್ಲಿ ಒಂದು ಹೊಂದದಿದ್ದರೂ ಬೇರೆ ಮನುಷ್ಯ ಅಂತಲೇ ಹಿಡಿಯುತ್ತೇನೆ.

ಆಟಗಾರ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದಕ್ಕೆ ಉಪ್ಪು ಹುಳಿ ಜಾಸ್ತಿ ಇರುತ್ತದೆ. ಅದೇ ಶತಮಾನದ ದೊಡ್ಡ ಆಟಗಾರ ಯೋಹಾನೆಸ್ ಜುಕರ್ಟಾರ್ಟ್ ತಾನು ಹತ್ತಾರು ವಿದ್ಯೆ ಬಲ್ಲವನು, ಯುದ್ಧದಲ್ಲಿ ಶೂರ, ದೊಡ್ಡ ಮನೆತನದವನು ಅಂತೆಲ್ಲ ಹೇಳಿಕೊಂಡಿದ್ದ. ಬಹಳ ಕಾಲ ಜನ ಅದನ್ನೇ ನಕಲು ಮಾಡಿದರು. ಆದರೆ 1886ರಲ್ಲಿ ಸ್ಟೈನಿಟ್ಸ್ ಎದುರು ಸೋತದ್ದು, 1888ರಲ್ಲಿ ಲಂಡನ್ನಿನಲ್ಲಿ ಸತ್ತದ್ದು ಅಂದಂದಿನ ಪತ್ರಿಕೆಯಲ್ಲೇ ಇದೆ. ಅಂಥದ್ದು ಮೊದಲು ಬರೆದುಕೊಳ್ಳಿ, ಕಥೆ ಆಮೇಲೆ.

ಯುರೋಪಿನವರನ್ನು ಹುಡುಕುವವರಿಗೆ ಎರಡು ಮಾತು. ಹಳೇ ಪತ್ರಿಕೆಗಳನ್ನು ಇಂಟರ್ನೆಟ್‌ನಲ್ಲಿ ಓದಲು ಕೊಡುವ ತಾಣಗಳಿವೆ: ಪ್ಯಾರಿಸ್ಸಿನವರಿಗೆ ಫ್ರಾನ್ಸಿನ 'ಗ್ಯಾಲಿಕಾ', ವಿಯೆನ್ನಾದವರಿಗೆ ಆಸ್ಟ್ರಿಯಾದ 'ಆನ್ನೊ', ಎರಡೂ ಪುಕ್ಕಟೆ. ಲಂಡನ್ನಿನ ಪತ್ರಿಕೆಗಳಿಗೆ ದುಡ್ಡು ಕೇಳುತ್ತಾರೆ. ಅದಕ್ಕೆ ಮೊದಲು ಆಸ್ಟ್ರೇಲಿಯಾದ 'ಟ್ರೋವ್', ನ್ಯೂಜಿಲೆಂಡಿನ 'ಪೇಪರ್ಸ್ ಪಾಸ್ಟ್' ನೋಡಿ. ಅಲ್ಲಿನ ಚೆಸ್ ಅಂಕಣಗಳು ಲಂಡನ್ ಸುದ್ದಿಯನ್ನು ಎತ್ತಿ ಹಾಕಿಕೊಳ್ಳುತ್ತಿದ್ದವು. ಶುರು ಮಾಡಲು ಕೀಸೆರಿಟ್ಸ್ಕಿ ಒಳ್ಳೆಯವನು. 1806ರಲ್ಲಿ ಡಾರ್ಪಾಟ್‌ನಲ್ಲಿ (ಇಂದಿನ ಎಸ್ಟೋನಿಯಾದ ಟಾರ್ಟು) ಹುಟ್ಟಿ, ಗಣಿತದ ಮೇಷ್ಟ್ರಾಗಿದ್ದು, ಪ್ಯಾರಿಸ್ಸಿನ ಕಾಫಿ ಮನೆಯಲ್ಲಿ ಚೆಸ್ ಪಾಠ ಹೇಳಿ ಬದುಕಿದ. 1851ರಲ್ಲಿ ಜರ್ಮನಿಯ ಆಟಗಾರ ಆಂಡರ್ಸನ್ ಎದುರು ಸೋತ ಆಟವನ್ನು ತನ್ನದೇ ಪತ್ರಿಕೆಯಲ್ಲಿ ಅಚ್ಚು ಹಾಕಿದ. ಇವತ್ತು ಜನ ಅದನ್ನು 'ಇಮ್ಮಾರ್ಟಲ್ ಗೇಮ್' ಅನ್ನುತ್ತಾರೆ. ಎರಡೇ ವರ್ಷಕ್ಕೆ ತೀರಿಕೊಂಡ. ಅವನ ಹೆಸರಿಗೂ ಸ್ಪೆಲಿಂಗ್ ಪಟ್ಟಿ ಬೇಕು, ಮರೆಯಬೇಡಿ.

ಸಿಕ್ಕಿದ್ದನ್ನೆಲ್ಲ ಉದ್ದ ರಿಜಿಸ್ಟರಿನಲ್ಲಿ ಬರೆದಿಡಿ: ಪತ್ರಿಕೆ, ವರ್ಷ, ಪುಟ, ಮತ್ತು ಹೆಸರು ಅಚ್ಚಾದ ಹಾಗೆಯೇ. ತಿದ್ದಬೇಡಿ, ಮುಂದಿನ ಸಲ ಹುಡುಕಲು ಬೇಕಾಗುವುದು ಆ ತಪ್ಪೇ. ನಾನೀಗ ಕಾಕ್ರೇನ್ ಎದುರು ಆಡಿದ ಇನ್ನೊಬ್ಬ ಬಂಗಾಳಿಯ ಹಿಂದೆ ಬಿದ್ದಿದ್ದೇನೆ. ಪತ್ರಿಕೆಯಲ್ಲಿ ಅವನು "ಸೌಮ್‌ಚುರ್ನ್ ಗುಟ್ಟಾಕ್". ಶ್ಯಾಮಚರಣ ಘಟಕ್ ಇರಬೇಕು ಅಂತ ನನ್ನ ಲೆಕ್ಕ. ರಿಜಿಸ್ಟರಿನ ಹೊಸ ಹಾಳೆಯಲ್ಲಿ ಇಲ್ಲಿಯವರೆಗೆ ಏಳು ಸ್ಪೆಲಿಂಗ್ ಆಗಿವೆ.